ಮೂವತ್ತೆರಡನೇ ಪುಟ

ದುರ್ಗಿಗುಡಿಯ ಸ್ಟುಡಿಯೋ ಮಹಡಿಯಲ್ಲಿ
ಗೋಡೆಯುದ್ದಕ್ಕೂ ಚಾರ್ಟ್ ಶೀಟು ಅಂಟಿಸಿ
ನಜೀಮಾ ಕೆಂಪು ದಾರ ಎಳೆಯುತ್ತಿದ್ದಾಳೆ
ಗುಂಡುಪಿನ್ನಿನಿಂದ ಗುಂಡುಪಿನ್ನಿಗೆ.
ಮೊದಲ ಸಿನಿಮಾ ಮಿಂಚವ್ವ.
ಎರಡನೆಯದು ಎರಕದ ಈರ.
ಮೂರನೆಯದು ಕಾವಳಿಗ, ಅವನನ್ನು ತೋರಿಸುವುದು ಹೇಗೆಂದು
ಇನ್ನೂ ಯಾರಿಗೂ ಗೊತ್ತಿಲ್ಲ.
ಆರನೆಯದರಲ್ಲಿ ಎಲ್ಲರೂ ಒಟ್ಟಿಗೆ
ಉಂಬಳರಾಯನ ಮೇಲೆ.

"ಒಂದೇ ಲೋಕ ಸಾರ್, ಎಲ್ಲರದೂ"
ಎನ್ನುತ್ತಾನೆ ಹಾಲೇಶ,
ಬಿಸಿ ಚಾ ಲೋಟವನ್ನು ಅಂಗಿಯ ಚುಂಗಿನಲ್ಲಿ ಹಿಡಿದು.
ನನ್ನನ್ನು ಕರೆಸಿದ್ದು ಅದಕ್ಕೇ.
ಕತೆ ಬರೆದವರು ಹೋದರು,
ಚಿತ್ರ ಬರೆದ ಪಾಸ್ಕಲ್ ಮಾಸ್ತರು ಹೋದರು.
ನಾನು ಬಲೂನಿನೊಳಗೆ ಅಕ್ಷರ ಕೂರಿಸುತ್ತಿದ್ದವನು.
ಸಂಚಿಕೆಗೆ ಹದಿನೆಂಟು ರೂಪಾಯಿ,
'ಢಮಾರ್' ಇದ್ದರೆ ನಾಲ್ಕಾಣೆ ಹೆಚ್ಚು.

ಲೋಕ ಎಲ್ಲಿತ್ತಪ್ಪ,
ಇದ್ದದ್ದು ಎರಡು ಡಬ್ಬಿ ಶಾಯಿ.
ಕಪ್ಪು, ಮತ್ತೆ ಆ ತಿಂಗಳು ಯಾವುದು ಸಿಕ್ಕರೆ ಅದು.
ಹಳದಿ ಸಿಕ್ಕರೆ ಮಿಂಚವ್ವ:
ಕಾರ್ಗಲ್ಲಿನಲ್ಲಿ ಲೈನ್‌ಮನ್ ಗಂಡನ ಕಂಬ ತಾನೇ ಹತ್ತಿ
ಕರೆಂಟನ್ನು ಮಜ್ಜಿಗೆಯಂತೆ ಕುಡಿದವಳು.
ಕೆಂಪು ಸಿಕ್ಕರೆ ಈರ:
ಭದ್ರಾವತಿಯ ಕುಲುಮೆಯಲ್ಲಿ ಕೈ ಕರಗಿಸಿ
ಬೇಕಾದ ಅಚ್ಚಿಗೆ ಸುರಿದುಕೊಳ್ಳುವವನು,
ಸುತ್ತಿಗೆ, ಕೀಲಿಕೈ, ಒಮ್ಮೆ ಯಾರದೋ ಕೂಸಿಗೆ ತೊಟ್ಟಿಲು.
ಏನೂ ಸಿಗದ ತಿಂಗಳು ಕಾವಳಿಗ.
ಆಗುಂಬೆಯ ಮಂಜಿನಲ್ಲಷ್ಟೇ ಇರುವವನು,
ಹತ್ತು ಗಂಟೆಗೆ ಬಿಸಿಲು ಬಿದ್ದರೆ ಮುಗಿಯಿತು.
ಬಿಳಿ ಕಾಗದ, ಒಂದು ಜೊತೆ ಚಪ್ಪಲಿ,
ಅಷ್ಟರಲ್ಲೇ ಮುಗಿಸುತ್ತಿದ್ದರು ಮಾಸ್ತರು.
ಮಾಲೀಕರಿಗೆ ಅವನೆಂದರೆ ಪ್ರಾಣ.

ಉಂಬಳರಾಯ ಮಾತ್ರ ಎಲ್ಲ ಸಂಚಿಕೆಯಲ್ಲೂ ಇದ್ದ,
ಅವನಿಗೆ ಕಪ್ಪೇ ಸಾಕಿತ್ತು.
ಚಿಟಿಕೆ ಉಪ್ಪಿಗೆ ಸಾಯುತ್ತಾನೆಂದು
ತಾಳಗುಪ್ಪದ ಮಕ್ಕಳಿಗೆಲ್ಲ ಗೊತ್ತಿತ್ತು,
ನಾಯಕರಿಗೆ ಹೊಳೆಯಲಿಲ್ಲ.
ಲಕೋಟೆಗಳಲ್ಲಿ ಉಪ್ಪು ಬರುತ್ತಿತ್ತು ಪ್ರೆಸ್ಸಿಗೆ.
ಮಾವಿನಕಾಯಿಗೆ ಹಚ್ಚಿ ತಿಂದೆವು.

"ಅವರು ಒಮ್ಮೆಯೂ ಭೇಟಿಯಾಗಲಿಲ್ವಾ?"
ಆಗಿದ್ದರು.
ಕೊನೆಯ ಸಂಚಿಕೆ, ಮೂವತ್ತೆರಡನೇ ಪುಟ, ಕೆಳಗಿನ ಚೌಕ.
ಶಿವಮೊಗ್ಗದ ಬಸ್‌ಸ್ಟ್ಯಾಂಡು, ಬೆಳಗಿನ ಏಳು.
ಸಾಗರದ ಬಸ್ಸಿಗೆ ಒಬ್ಬಳು, ಭದ್ರಾವತಿಯದಕ್ಕೆ ಒಬ್ಬ,
ತೀರ್ಥಹಳ್ಳಿ ಬೋರ್ಡಿನಡಿ ಬರಿಯ ಚಪ್ಪಲಿ.
ಬಣ್ಣವಿಲ್ಲ, ಬೆನ್ನು ಮಾತ್ರ.
ಮೇಲೆ ಒಂದು ಬಲೂನು.
ಅದರ ಬಾಲ ಯಾರ ಕಡೆಗೂ ಸರಿಯಾಗಿ ತಿರುಗಿಲ್ಲ.
ಒಳಗೆ ಏನೂ ಇಲ್ಲ.

ಅದು ಕಲೆಯಲ್ಲ, ಹಾಲೇಶ.
ಆ ರಾತ್ರಿ ನಾನು ಸೆಕೆಂಡ್ ಶೋಗೆ ಹೋಗಿದ್ದೆ.
ಬೆಳಿಗ್ಗೆ ಬರುವಷ್ಟರಲ್ಲಿ ಪುಟ ಮಷೀನಿಗೆ ಏರಿತ್ತು.

ನಜೀಮಾ ಚೀಲದಿಂದ ತೆಗೆದು ಹರಡುತ್ತಾಳೆ,
ಗುಜರಿ ಅಂಗಡಿಗಳಲ್ಲಿ ಹೆಕ್ಕಿದ ಹನ್ನೊಂದು ಪ್ರತಿ.
ಹನ್ನೊಂದರಲ್ಲೂ ಬಲೂನು ತುಂಬಿದೆ.
ಪೆನ್ಸಿಲ್ಲು, ಇಂಕು, ಒಂದರಲ್ಲಿ ಕಾಡಿಗೆ.
"ಬಿಡಬೇಡ, ಹೊಡಿ ಅವನ್ನ" ಹೊಸನಗರದ್ದು.
"ನಾನೂ ಬರ್ಲಾ?" ಸೊರಬ, ಹುಡುಗಿಯ ಕೈಬರಹ.
"ಚಿಲ್ಲರೆ ಇದೆಯಾ?"
ಶಿಕಾರಿಪುರದ ಪ್ರತಿಯಲ್ಲಿ ಹದಿನೇಳರ ಮಗ್ಗಿ,
ಅರ್ಧಕ್ಕೇ ನಿಂತದ್ದು.
ಒಂದರಲ್ಲಿ ಬರೆದು, ಉಜ್ಜಿ, ಬರೆದು, ಉಜ್ಜಿ
ಕಾಗದವೇ ತೂತಾಗಿ
ಹಿಂದಿನ ಹಾಳೆಯ ಹಲ್ಲುಪುಡಿ ಜಾಹೀರಾತಿನ
ಒಂದು ಹಲ್ಲು ಕಾಣುತ್ತಿದೆ.

"ಯಾವುದು ಸರಿ ಸಾರ್?
ಆರನೇ ಸಿನಿಮಾ ನಿಂತಿರೋದೇ ಇದರ ಮೇಲೆ,
ಒಂದು ಡೈಲಾಗು ಬೇಕು."
ಚಾರ್ಟಿನಲ್ಲಿ ಬಲೂನು ಗೀಚಿ
ಮಾರ್ಕರು ಚಾಚುತ್ತಾಳೆ ನನ್ನತ್ತ.

ಕೈ ನಡುಗುತ್ತದೆ, ಅಕ್ಷರ ನನ್ನದೇ.
ಮೇಲೆ 'ಶಿವಮೊಗ್ಗ ಬಸ್ ನಿಲ್ದಾಣ' ಎಂದು ಬರೆದೆ,
ಗಕಾರದ ಕೆಳಗೆ ಒತ್ತನ್ನು ಮೊದಲಿನ ಹಾಗೇ ಕೂರಿಸಿದೆ.
ಬಲೂನಿನ ಹತ್ತಿರ ಬಂದು
ಮಾರ್ಕರಿಗೆ ಮುಚ್ಚಳ ಹಾಕಿದೆ.

ನೆನಪಿಲ್ಲ ಅಂದೆ.

ನೆನಪಿದೆ. ಕತೆಯವರ ಹಸ್ತಪ್ರತಿಯಲ್ಲಿ
ಹಸಿರು ಶಾಯಿ, ಬಲಕ್ಕೆ ವಾಲಿದ ಸಾಲು,
ಇದ್ದದ್ದು ಇಷ್ಟೇ:
"ಸ್ವಲ್ಪ ಸರ್ಕೊಳ್ಳಿ, ಬಸ್ಸು ಬಂತು."